ಔಟಿಂಗ್ ಇಲ್ಲದ ಬುಧವಾರ

ನರ್ಸಿಂಗ್ ಶಾಲೆಯ ಹಾಸ್ಟೆಲ್ಲಿನ ಆಫೀಸಿಗೆ ಬಂದ ಹುಡುಗಿಯ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ವಾರ್ಡನ್ ಮುಖವಲ್ಲ, ಅವರ ತಲೆಯ ಹಿಂದೆ ಗೋಡೆಗೆ ಹೊಡೆದಿದ್ದ ರಟ್ಟು. ದಪ್ಪ ಬಿಳಿ ರಟ್ಟಿನ ಮೇಲೆ ನೀಲಿ ಶಾಯಿಯಲ್ಲಿ, ಒಂದಕ್ಷರವೂ ಓರೆಯಾಗದಂತೆ ವಾರ್ಡನ್ ತಾವೇ ಕೂತು ಬರೆದದ್ದು. ಔಟಿಂಗ್ ಎಂದರೆ ಭಾನುವಾರ ಮಧ್ಯಾಹ್ನ ಹೊರಗೆ ಹೋಗಿ ಸಂಜೆಯೊಳಗೆ ವಾಪಸು ಬರುವುದು. ಟ್ರಿಪ್ ಎಂದರೆ ಒಂದು ರಾತ್ರಿ ಹೊರಗೆ ತಂಗಿ ಬರುವುದು, ಅದಕ್ಕೆ ಅಪ್ಪನೋ ಅಣ್ಣನೋ ಬಂದು ಕರೆದುಕೊಂಡು ಹೋಗಬೇಕು. ಎಕ್ಸ್‌ಕರ್ಷನ್ ಎಂದರೆ ಏನನ್ನಾದರೂ ಕಲಿಯಲು ಗುಂಪಿನಲ್ಲಿ ಹೋಗುವುದು. ನಾಲ್ಕು ಜನಕ್ಕೆ ಕಡಿಮೆ ಇರಕೂಡದು, ಜೊತೆಗೆ ಸಿಬ್ಬಂದಿ ಇರಬೇಕು, ಯೂನಿಫಾರ್ಮ್ ಕಡ್ಡಾಯ. ಟೂರ್ ಎಂದರೆ ಊರೂರು ಸುತ್ತುವುದು, ಅದು ಪ್ರಿನ್ಸಿಪಾಲರು ಮನಸ್ಸು ಮಾಡಿದ ವರ್ಷ ಮಾತ್ರ. ಜರ್ನಿ ಎಂದರೆ ರಜೆಯಲ್ಲಿ ಮನೆಗೆ ಹೋಗುವ ದೂರದ ಪ್ರಯಾಣ. ಕೊನೆಯಲ್ಲಿ ಟ್ರಾವೆಲ್ ಇತ್ತು. ಅದು ಓಡಾಟಕ್ಕೆಲ್ಲ ಸೇರಿ ಇಟ್ಟ ಸಾಮಾನ್ಯ ಮಾತು, ಹಾಗಾಗಿ ಅದಕ್ಕೆ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ ಎಂದು ವಾರ್ಡನ್ ಹೇಳುತ್ತಿದ್ದರು. ಹುಡುಗಿಯರು ಅದನ್ನೇ ತಿರುಗಿಸಿ, "ಟ್ರಾವೆಲ್ ಮಾತ್ರ ನಮ್ಮ ಹಣೇಲಿ ಬರ್ದಿಲ್ಲ ಕಣೇ" ಎಂದು ತಮ್ಮ ತಮ್ಮಲ್ಲೇ ನಗುತ್ತಿದ್ದರು.

ವಾರ್ಡನ್ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವರು ಮಾಡುವ ಕೇಡಿಗೆ ಲೆಕ್ಕ ಇಡುವವರಿದ್ದಾರೆ. ಒಳ್ಳೆಯವರು ನಿಯಮ ಪಾಲಿಸುತ್ತ ಮಾಡುವ ಕೇಡಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಯಾವ ಹುಡುಗಿಗೆ ಜ್ವರ ಬಂದರೂ ಗಂಜಿ ಬಟ್ಟಲು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದವರು ಅವರೇ. ಹಾಸ್ಟೆಲ್ಲಿಗೆ ಬರುವ ಮೊದಲು ಎಷ್ಟೋ ವರ್ಷ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿದ್ದರು. ಅಂಗಡಿಗೆ ಸೋಪು ತರಲು ಹೊರಟ ಹುಡುಗಿ "ಟೂರ್ ಹೋಗ್ಬರ್ತೀನಿ ಮೇಡಂ" ಎಂದರೆ ಅವರಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ನಿಲ್ಲಿಸಿಕೊಂಡು ಒಂದೊಂದು ಪದದ ವ್ಯತ್ಯಾಸ ಬಿಡಿಸಿ ಹೇಳುತ್ತಿದ್ದರು. ಹೇಳುವುದಷ್ಟೇ ಅಲ್ಲ, ಆ ವ್ಯತ್ಯಾಸಗಳ ಮೇಲೆಯೇ ಗೇಟು ತೆಗೆಯುವ ಹಾಕುವ ಕ್ರಮವನ್ನೂ ಕಟ್ಟಿದ್ದರು. ತಮ್ಮ ಭಾಷಾಜ್ಞಾನ ಇಷ್ಟು ಜನ ಹೆಣ್ಣುಮಕ್ಕಳನ್ನು ಕಾಯುತ್ತಿದೆ ಎಂಬ ಹೆಮ್ಮೆ ಅವರಿಗಿತ್ತು.

ರಸ್ತೆಯ ಆಚೆ ಬದಿಗೆ ಹುಡುಗರ ಹಾಸ್ಟೆಲ್ಲಿತ್ತು. ಅಲ್ಲೂ ಗೇಟಿತ್ತು, ಆದರೆ ಅದರ ಒಂದು ಬಾಗಿಲು ಕಿತ್ತುಹೋಗಿ ಗೋಡೆಗೆ ಒರಗಿಕೊಂಡಿತ್ತು. ಅದನ್ನು ಸರಿಮಾಡಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಹುಡುಗರು ಟವಲ್ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು, ಬರುತ್ತಿದ್ದರು. ಅವರಿಗೆ ಎಲ್ಲದಕ್ಕೂ ಒಂದೇ ಪದ ಸಾಕಾಗಿತ್ತು: ಹೊರಗೆ.

ಎರಡನೇ ವರ್ಷದಲ್ಲಿ ಮೂಲೆಮಂಚ ಎಂಬ ಹುಡುಗಿಯೊಬ್ಬಳಿದ್ದಳು. ಉದ್ದ ಕೋಣೆಯ ಕಟ್ಟಕಡೆಯ ಮಂಚ ಅವಳದ್ದು, ಆ ಮಂಚದ ಹೆಸರೇ ಅವಳಿಗಂಟಿತ್ತು. ಮಾತು ಕಡಿಮೆ. ಆದರೆ ಆಡಿದರೆ ಪಕ್ಕದವರು ಬಾಯಿಗೆ ಸೆರಗು ಒತ್ತಿಕೊಳ್ಳಬೇಕು, ಹಾಗಿರುತ್ತಿತ್ತು. ಒಂದು ಸಂಜೆ ವಾರ್ಡನ್ ಎಲ್ಲರನ್ನೂ ಕೂರಿಸಿಕೊಂಡು ರಟ್ಟಿನ ಪಾಠ ಹೇಳುತ್ತಿದ್ದಾಗ ಇವಳು ಕೈ ಎತ್ತಿದಳು.

"ಮೇಡಂ, ಮಹಡಿಯಿಂದ ಕೆಳಗಿನ ಬಚ್ಚಲಿಗೆ ಹೋಗೋದು ಯಾವುದ್ರಲ್ಲಿ ಬರುತ್ತೆ? ಬಕೆಟ್ ಹಿಡ್ಕೊಂಡು ನಾಲ್ಕು ಜನ ಒಟ್ಟಿಗೇ ಹೋಗ್ತೀವಿ."

"ಅಧಿಕಪ್ರಸಂಗ ಬೇಡ."

"ಅಲ್ಲ ಮೇಡಂ, ಯೂನಿಫಾರ್ಮ್ ಹಾಕ್ಬೇಕಾ ಅಂತ."

ಕೋಣೆಯೇ ಬಿದ್ದು ನಕ್ಕಿತು. ವಾರ್ಡನ್‌ಗೂ ನಗು ಬಂತು, ಬಲವಂತವಾಗಿ ತಡೆದುಕೊಂಡರು. ನಗು ನಿಂತ ಮೇಲೆ ಅದೇ ಹುಡುಗಿ ಬೇರೆ ಧ್ವನಿಯಲ್ಲಿ ಕೇಳಿದಳು: "ಸಮುದ್ರ ದಾಟಿ ಹೋಗೋದಕ್ಕೆ ಏನಂತಾರೆ ಮೇಡಂ?"

"ಹಡಗಲ್ಲಾದ್ರೆ ವಾಯೇಜ್. ಯಾಕೆ, ನೀನು ಹೋಗ್ತೀಯೇನು?"

"ನಾನಲ್ಲ" ಎಂದು ಅವಳು ಕೂತುಬಿಟ್ಟಳು. ಹಾಗಾದರೆ ಯಾರು ಎಂದು ವಾರ್ಡನ್ ಕೇಳಲಿಲ್ಲ. ಸರಿಯಾದ ಪದ ಕೊಟ್ಟಾಗಿತ್ತಲ್ಲ, ಅವರ ಪಾಲಿಗೆ ಪ್ರಶ್ನೆ ಅಲ್ಲಿಗೆ ಮುಗಿದಿತ್ತು.

ಅವಳಿಗೆ ತಾಯಿ ಇರಲಿಲ್ಲ. ತಂದೆ ಎಲ್ಲೋ ಇದ್ದಾನೆ ಎಂಬುದಷ್ಟೇ ಗೊತ್ತಿತ್ತು. ಸಾಕಿದವಳು ಅಕ್ಕ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತ ತಂಗಿಯನ್ನು ಓದಿಸುತ್ತಿದ್ದವಳು ಆ ಅಕ್ಕ. ಕಾರ್ಖಾನೆ ಮುಚ್ಚಿತು. ಸಮುದ್ರದಾಚೆಯ ದೇಶದಲ್ಲಿ ದೊಡ್ಡ ಮನೆಗಳಿಗೆ ಕೆಲಸದ ಹೆಂಗಸರು ಬೇಕಂತೆ ಎಂದು ಏಜೆಂಟನೊಬ್ಬ ಬಂದ. ಕಾರ್ಖಾನೆ ಮುಚ್ಚಿದ ಕಡೆಗಳಿಗೆಲ್ಲ ಇಂಥವನೊಬ್ಬ ತಪ್ಪದೆ ಬರುತ್ತಾನೆ.

ಆ ಬುಧವಾರ ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಮೂಲೆಮಂಚ ಆಫೀಸಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಆಗಷ್ಟೇ ಅಂಚೆಯಲ್ಲಿ ಬಂದ ಕಾಗದವಿತ್ತು.

"ಮೇಡಂ, ಸ್ಟೇಷನ್ನಿಗೆ ಹೋಗ್ಬರ್ಬೇಕಿತ್ತು. ಅಕ್ಕ ಇವತ್ತಿನ ರೈಲಲ್ಲಿ ಹೋಗ್ತಿದ್ದಾಳೆ. ಇಲ್ಲಿ ಹತ್ತು ನಿಮಿಷ ನಿಲ್ಲುತ್ತಂತೆ."

"ಇವತ್ತು ಬುಧವಾರ."

"ಗೊತ್ತು ಮೇಡಂ."

"ಔಟಿಂಗ್ ಭಾನುವಾರ. ಟ್ರಿಪ್ ಅಂದ್ರೆ ನಿನ್ನ ಕರ್ಕೊಂಡು ಹೋಗೋಕೆ ಯಾರೂ ಬಂದಿಲ್ಲ. ಜರ್ನಿ ಅಂದ್ರೆ ಅದು ನಿಮ್ಮಕ್ಕನ ಜರ್ನಿ, ನಿಂದಲ್ಲ. ಯಾವುದ್ರಲ್ಲಿ ಕಳಿಸ್ಲಿ ನಿನ್ನ?"

ಹುಡುಗಿ ಕೈಯಲ್ಲಿದ್ದ ಕಾಗದವನ್ನು ಮಡಿಸಿಕೊಂಡಳು. ಅಂಗಳದಲ್ಲಿ ಯಾರೋ ತಟ್ಟೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ಹೇಳಿದ್ದು ಒಂದೇ ಮಾತು: "ಓಡ್ಹೋಗಿ ಓಡ್ಬರ್ತೀನಿ ಮೇಡಂ."

ಸ್ಟೇಷನ್ ದೂರವಿರಲಿಲ್ಲ. ಆಸ್ಪತ್ರೆಯ ಹಿಂದಿನ ರಸ್ತೆ ಹಿಡಿದು ಮೇಲ್ಸೇತುವೆ ದಾಟಿದರೆ ಆಯಿತು. ರೈಲಿಗೆ ಇನ್ನೂ ಹೊತ್ತಿತ್ತು. ವಾರ್ಡನ್ ಆಗ ಗೇಟು ಕಾಯುವ ತಾತನಿಗೆ ಕಣ್ಣು ಸನ್ನೆ ಮಾಡಿದ್ದರೆ ಸಾಕಿತ್ತು. ಆಮೇಲೆ ವರ್ಷಗಟ್ಟಲೆ ಅವರು ಮನಸ್ಸಿನಲ್ಲಿ ಈ ಜಾಗಕ್ಕೇ ಬಂದು ನಿಲ್ಲುತ್ತಿದ್ದರು. ಇಲ್ಲಿಯವರೆಗೆ ಏನೂ ಕೆಟ್ಟಿರಲಿಲ್ಲ. "ಆಗಲ್ಲ ಹೋಗು" ಎಂದು ಗದರಿದ್ದರೂ ಹುಡುಗಿ ಬೇರೆ ದಾರಿ ನೋಡಿಕೊಳ್ಳುತ್ತಿದ್ದಳೋ ಏನೋ. ಆದರೆ ವಾರ್ಡನ್‌ಗೆ ಅವಳ ಮುಖ ನೋಡಿ ಕನಿಕರವಾಯಿತು. ಹೇಗಾದರೂ ಕಳಿಸಬೇಕು ಅನ್ನಿಸಿತು, ಕ್ರಮ ತಪ್ಪದ ಹಾಗೆ ಕಳಿಸಬೇಕು ಅಂತಲೂ ಅನ್ನಿಸಿತು. ರಟ್ಟಿನ ಕಡೆ ತಿರುಗಿ ನೋಡಿದರು. ಮುಖ ಅರಳಿತು.

"ಎಕ್ಸ್‌ಕರ್ಷನ್" ಎಂದರು. "ರೈಲ್ವೆ ಸ್ಟೇಷನ್ನಿನ ಪ್ರಥಮ ಚಿಕಿತ್ಸೆ ಕೊಠಡಿ ನೋಡೋಕೆ. ನಾನೇ ಬರ್ತೀನಿ. ಹೋಗು, ಇನ್ನು ಮೂರು ಜನಾನ್ನ ಕರ್ಕೊಂಡು ಬಾ. ಯೂನಿಫಾರ್ಮಲ್ಲಿ."

ಹುಡುಗಿ ಮೂವರನ್ನು ಹುಡುಕಲು ಮಹಡಿಗೆ ಓಡಿದಳು. ವಾರ್ಡನ್ ತಮ್ಮ ಜಾಣತನಕ್ಕೆ ತಾವೇ ಖುಷಿಪಟ್ಟು, ಪ್ರಿನ್ಸಿಪಾಲರ ಒಪ್ಪಿಗೆಗೆಂದು ಕಪ್ಪು ಫೋನು ಎತ್ತಿಕೊಂಡರು. ಪ್ರಿನ್ಸಿಪಾಲರು ಊಟಕ್ಕೆ ಕೂತಿದ್ದರು. ಅವರು ಕೈ ತೊಳೆದು ಬರುವವರೆಗೆ ಕಾದರು.

ಮೂವರು ಸಿಕ್ಕಿದರು. ಕನ್ನಡಕದವಳು, ನಗೆಗಾತಿ, ಮತ್ತೆ ಎಲ್ಲರಿಗಿಂತ ದಪ್ಪಗಿದ್ದು ಅದಕ್ಕೇ ಕಡ್ಡಿ ಎಂದು ಕರೆಸಿಕೊಳ್ಳುತ್ತಿದ್ದವಳು. ವಾರದ ನಡುವೆ ಹೊರಗೆ ಹೋಗುವ ಭಾಗ್ಯ ಎಂದು ಅವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಡ್ಡಿಯ ಯೂನಿಫಾರ್ಮು ತಂತಿಯ ಮೇಲೆ ಇನ್ನೂ ಒದ್ದೆಯಾಗಿತ್ತು.

"ಹಾಗೇ ಹಾಕ್ಕೊಳ್ಳೇ, ಮೈಮೇಲೇ ಒಣಗುತ್ತೆ" ಎಂದಳು ಮೂಲೆಮಂಚ.

"ಒದ್ದೆ ಬಟ್ಟೇಲಿ ಶಾಲೆ ಹೆಸ್ರು ಹಾಳ್ಮಾಡ್ತೀರೇನು?" ಎಂದರು ವಾರ್ಡನ್. "ಇಸ್ತ್ರಿ ಮಾಡ್ಕೋ, ಬೇಗ."

ಇಸ್ತ್ರಿ ಪೆಟ್ಟಿಗೆ ಕಾಯಲು ಹೊತ್ತು ಹಿಡಿಯಿತು. ಮೂಲೆಮಂಚ ಅದರ ಪಕ್ಕದಲ್ಲೇ ನಿಂತು, ಬೆರಳಿಗೆ ಎಂಜಲು ಹಚ್ಚಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಕೊನೆಗೆ ಕಡ್ಡಿಯ ಕೈಯಿಂದ ಕಿತ್ತುಕೊಂಡು ತಾನೇ ತೋಳು, ಕಾಲರು ಎಳೆದೆಳೆದು ಉಜ್ಜಿದಳು. ಹಬೆ ಅವಳ ಮುಖಕ್ಕೆ ಹೊಡೆಯುತ್ತಿತ್ತು.

ಗೇಟಿನ ತಾತ ಬೀಗ ತೆಗೆಯುತ್ತ, "ಏನಮ್ಮ, ದಂಡು ಎತ್ಕೊಂಡು ಹೊರಟ್ರಿ?" ಎಂದ.

"ಎಕ್ಸ್‌ಕರ್ಷನ್ ತಾತ" ಎಂದಳು ನಗೆಗಾತಿ, ಕುತ್ತಿಗೆ ಕೊಂಕಿಸಿ.

ಇಬ್ಬಿಬ್ಬರಾಗಿ ಸಾಲು ಮಾಡಿ ಹೊರಟರು. ಮೂಲೆಮಂಚ ಮುಂದಿನ ಸಾಲಿನಲ್ಲಿದ್ದಳು. ಆಸ್ಪತ್ರೆಯ ಹಿಂದಿನ ತಿರುವಿಗೆ ಬರುವಷ್ಟರಲ್ಲಿ ಅವಳ ನಡಿಗೆ ಓಟವಾಗತೊಡಗಿತ್ತು.

"ನಿಧಾನ" ಎಂದರು ವಾರ್ಡನ್.

"ಮೇಡಂ, ನಾನು ಮುಂದೆ ಹೋಗಿರ್ಲಾ? ನೀವು ಹಿಂದೆ ಬನ್ನಿ."

"ಯೂನಿಫಾರ್ಮಲ್ಲಿ ಯಾರೂ ರಸ್ತೆ ಮೇಲೆ ಓಡೋದಿಲ್ಲ. ಜನ ಏನಂದ್ಕೋತಾರೆ? ಹತ್ತು ನಿಮಿಷ ನಿಲ್ಲುತ್ತೆ ಅಂದ್ಯಲ್ಲ."

ಅವಳು ಸಾಲಿಗೆ ಮರಳಿದಳು. ಹುಡುಗರ ಹಾಸ್ಟೆಲ್ಲಿನ ಇಬ್ಬರು ಒಂದೇ ಸೈಕಲ್ಲಿನ ಮೇಲೆ, ಸ್ಟೇಷನ್ನಿನ ಕಡೆಗೇ ಗಂಟೆ ಬಾರಿಸುತ್ತ ಇವರನ್ನು ದಾಟಿ ಹೋದರು. ಹಿಂದೆ ಕೂತವನು ಕಡಲೆಕಾಯಿ ಬಿಡಿಸಿ ಸಿಪ್ಪೆಯನ್ನು ರಸ್ತೆಗೆ ಉದುರಿಸುತ್ತಿದ್ದ. ಎಲ್ಲಿಗೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ; ಕೇಳಿದ್ದರೆ ಅವರಿಗೂ ಗೊತ್ತಿರಲಿಕ್ಕಿಲ್ಲ.

ಮೇಲ್ಸೇತುವೆ ಏರುತ್ತಿದ್ದಾಗಲೇ ರೈಲು ಬಂದು ನಿಂತದ್ದು ಕಂಡಿತು. ಹುಡುಗಿ ವಾರ್ಡನ್ ಕಡೆ ತಿರುಗಿದಳು. ವಾರ್ಡನ್ ಕೂಡ ಈಗ ಬಿರುಸಾಗಿ ಹೆಜ್ಜೆ ಹಾಕುತ್ತಿದ್ದರು, ಏದುಸಿರು ಬಿಡುತ್ತಿದ್ದರು. ಕೆಳಗಿಳಿದು ಬಾಗಿಲಿಗೆ ಬಂದರೆ ಅಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ಟಿನ ಸಾಲು. ಮುಂದೆ ಏಳೆಂಟು ಜನ.

"ಮೇಡಂ, ಒಳಗೆ ಹೋಗ್ಬಿಡ್ತೀನಿ."

"ಟಿಕೆಟ್ ಇಲ್ದೆ? ಹಿಡಿದ್ರೆ ಶಾಲೆಗೆ ಕಾಗದ ಬರುತ್ತೆ. ನಮ್ಮ ಸರದಿ ಬಂದೇಬಿಡ್ತಲ್ಲ, ಇರು."

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಆಗ ಹುಡುಗಿ ವಾರ್ಡನ್‌ರ ಸೀರೆಯ ಸೆರಗು ಹಿಡಿದುಕೊಂಡಳು. ಎಂದೂ ಹಾಗೆ ಮಾಡಿದವಳಲ್ಲ.

"ಮೇಡಂ, ನಾನು ನೋಡೋಕೆ ಬಂದಿಲ್ಲ. ಅಕ್ಕನ್ನ ಇಳಿಸ್ಕೊಳ್ಳೋಕೆ ಬಂದಿದೀನಿ."

"ಇಳಿಸ್ಕೊಳ್ಳೋದಾ? ಎಲ್ಲಿಂದ?"

"ರೈಲಿಂದ. ನಂಗೆ ಹೆರಿಗೆ ವಾರ್ಡಲ್ಲಿ ಸಂಜೆ ಕೆಲಸ ಕೊಡ್ತೀನಿ ಅಂದಿದಾರೆ ದೊಡ್ಡ ಸಿಸ್ಟರು. ಮೊನ್ನೆ ಹೇಳಿದ್ರು. ನನ್ನ ಫೀಸು ನಾನೇ ಕಟ್ಕೋಬಹುದು. ಅವಳು ಹೋಗ್ಬೇಕಾಗೇ ಇಲ್ಲ. ಆದ್ರೆ ಅವಳಿಗದು ಗೊತ್ತಿಲ್ಲ. ತಿಳಿಸೋಣ ಅಂದ್ರೆ ಮನೆ ಖಾಲಿ ಮಾಡ್ಕೊಂಡು ಹೊರಟಾಗಿತ್ತು."

ವಾರ್ಡನ್ ಅವಳ ಮುಖವನ್ನೇ ನೋಡಿದರು. "ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಯಾವುದ್ರಲ್ಲಿ ಕಳಿಸ್ಲಿ ಅಂತ ಕೇಳಿದ್ರಿ. ಯಾಕೆ ಅಂತ ಕೇಳ್ಲಿಲ್ಲ."

ಈಗಲಾದರೂ ಹೋಗು ಎನ್ನಬಹುದಿತ್ತು. ಅಂದರೂ ಕೂಡ. "ಹೋಗು, ಓಡು" ಎಂದು ಬೆನ್ನಿಗೆ ಕೈಕೊಟ್ಟು ತಳ್ಳಿದರು. ಹುಡುಗಿ ಟಿಕೆಟ್ ಕೇಳುವವನ ತೋಳಿನ ಕೆಳಗೆ ನುಸುಳಿ ಓಡಿದಳು. ಅವನು "ಏಯ್" ಎಂದ. ವಾರ್ಡನ್ ಅವನಿಗೆ ಅಡ್ಡಬಂದು "ನಮ್ಮ ಹುಡುಗಿ, ಟಿಕೆಟ್ ತಗೋತಿದೀವಿ" ಎಂದು ಹೇಳುತ್ತ ತಾವೂ ಒಳಗೆ ನುಗ್ಗಿದರು. ಅಷ್ಟರಲ್ಲಿ ಸೀಟಿ ಆಯಿತು.

ಇಂಜಿನ್ನಿನ ಹತ್ತಿರದ ಡಬ್ಬಿ ಎಂದು ಅಕ್ಕ ಬರೆದಿದ್ದಳು. ಅದು ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿತ್ತು. ಗಾಡಿ ಚಲಿಸುತ್ತಿತ್ತು, ಹುಡುಗಿ ಅದರ ಜೊತೆಗೇ ಓಡುತ್ತಿದ್ದಳು, ಪೆಟ್ಟಿಗೆ ಹೊತ್ತವರು, ಮಕ್ಕಳನ್ನೆತ್ತಿಕೊಂಡವರು ಅವಳಿಗೆ ಅಡ್ಡಬರುತ್ತಿದ್ದರು. ದೂರದ ಬಾಗಿಲೊಂದರಲ್ಲಿ ಹಳದಿ ಸೀರೆಯ ಹೆಂಗಸೊಬ್ಬಳು ಕಂಬಿ ಹಿಡಿದು ಹೊರಗೆ ಬಗ್ಗಿ ನೋಡುತ್ತಿದ್ದಳು. ಅವಳು ಇವಳನ್ನು ಕಂಡಳೋ ಇಲ್ಲವೋ ವಾರ್ಡನ್‌ಗೆ ತಿಳಿಯಲಿಲ್ಲ. ಬಿಳಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಕಾಣಿಸಿರಬಹುದು. ಯೂನಿಫಾರ್ಮಿನಲ್ಲಿ ಎಲ್ಲ ಹುಡುಗಿಯರೂ ಒಂದೇ ಥರ ಕಾಣುತ್ತಾರೆ. ಹುಡುಗಿ ಏನೋ ಕೂಗಿದಳು. ಚಕ್ರದ ಸದ್ದಿನಲ್ಲಿ ಆ ಕೂಗು ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

ವಾರ್ಡನ್ ತುದಿಗೆ ಹೋಗಿ ತಲುಪುವ ಹೊತ್ತಿಗೆ ಅವಳು ಅಲ್ಲಿ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಹಿಂದೆ ಉಳಿದ ಮೂವರೂ ಬಂದರು. ಕಡ್ಡಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಮುಂದಿನ ಸ್ಟೇಷನ್ ಎಷ್ಟು ದೂರ?" ಎಂದು ವಾರ್ಡನ್ ಒಬ್ಬ ಕೂಲಿಯವನನ್ನು ಕೇಳಿದರು. ತಮ್ಮ ಧ್ವನಿ ತಮಗೇ ಬೇರೆಯವರದ್ದು ಅನ್ನಿಸಿತು.

"ಇನ್ನೆಲ್ಲೂ ನಿಲ್ಲಲ್ಲ ತಾಯಿ. ಸೀದಾ ಬಂದರಿಗೇ."

ಮೂಲೆಮಂಚ ನೆಟ್ಟಗಾದಳು. ಬೆಲ್ಟಿನ ಬಕಲ್ ಪಕ್ಕಕ್ಕೆ ತಿರುಗಿತ್ತು, ಅದನ್ನು ನಡುವಿಗೆ ಎಳೆದುಕೊಂಡಳು. "ಪ್ರಥಮ ಚಿಕಿತ್ಸೆ ಕೊಠಡಿ ಯಾವ ಕಡೆ ಮೇಡಂ?" ಎಂದಳು.

ಅದು ಚುಚ್ಚುಮಾತಾಗಿದ್ದರೆ ವಾರ್ಡನ್ ಸಹಿಸಿಕೊಳ್ಳುತ್ತಿದ್ದರು. ಚುಚ್ಚುಮಾತಲ್ಲ. ಅವಳು ನಿಜಕ್ಕೂ ಕೇಳುತ್ತಿದ್ದಳು. ಬಂದ ಕೆಲಸ ಕೈತಪ್ಪಿ ಹೋಗಿತ್ತು, ಹೇಳಿಕೊಂಡು ಬಂದ ಕೆಲಸವನ್ನಾದರೂ ಮುಗಿಸಿ ಹೋಗುವ ವಿಧೇಯತೆ ಅವಳ ಮೂಳೆಗಿಳಿದಿತ್ತು. ಐದು ಜನ ಹೋಗಿ ಆ ಕೊಠಡಿ ನೋಡಿದರು. ಒಂದು ಸ್ಟ್ರೆಚರ್, ಒಂದು ಖಾಲಿ ಬೀರು, ಒಬ್ಬ ನಿದ್ದೆ ಹೋದ ಕಾಂಪೌಂಡರು. ಕನ್ನಡಕದವಳು ನಿಯಮದಂತೆ ಟಿಪ್ಪಣಿ ಬರೆದುಕೊಂಡಳು.

ಅಕ್ಕನಿಂದ ಎರಡು ಕಾಗದ ಬಂದವು. ಮೊದಲನೆಯದರಲ್ಲಿ ಮನೆ ದೊಡ್ಡದಿದೆ, ಎಲ್ಲ ಕಿಟಕಿಗೂ ಗಾಜಿದೆ ಎಂದಿತ್ತು. ಎರಡನೆಯದರಲ್ಲಿ, ನೀನು ಬರುತ್ತೀಯೆಂದು ಬಾಗಿಲಲ್ಲೇ ನಿಂತಿದ್ದೆ, ನೀನು ಬಂದು ಬೇಡ ಎಂದಿದ್ದರೆ ಇಳಿದುಬಿಡುತ್ತಿದ್ದೆ ಎಂದಿತ್ತು. ಇದನ್ನು ಹುಡುಗಿ ವಾರ್ಡನ್‌ಗೆ ಹೇಳಲಿಲ್ಲ. ಕಡ್ಡಿ ಅಳುತ್ತ ಬಂದು ಹೇಳಿದಳು. ಆಮೇಲೆ ಕಾಗದ ಬರಲಿಲ್ಲ. ವಾರ್ಡನ್ ಏಜೆಂಟನ ಕಚೇರಿ ಹುಡುಕಿಕೊಂಡು ಹೋದರು. ಅಲ್ಲಿ ಈಗ ಚಪ್ಪಲಿ ಅಂಗಡಿಯಿತ್ತು. ತಮಗೆ ಬರುವ ಇಂಗ್ಲಿಷನ್ನೆಲ್ಲ ಬಳಸಿ ಆ ದೇಶದ ಕಚೇರಿಗಳಿಗೆ ಕಾಗದ ಬರೆದರು. ಒಂದಕ್ಕೆ ಮಾತ್ರ ಉತ್ತರ ಬಂತು, ಅದರಲ್ಲಿ ನಿಮಗೂ ಆ ಹೆಂಗಸಿಗೂ ಏನು ಸಂಬಂಧ ಎಂದು ಕೇಳಿದ್ದರು.

ಭಾನುವಾರಗಳಂದು ಮೂಲೆಮಂಚ ಹೊರಗೆ ಹೋಗುವುದನ್ನು ಬಿಟ್ಟಳು. ಎಲ್ಲರೂ ಹೋದ ಮೇಲೆ ಉದ್ದ ಕೋಣೆಯ ತುದಿಯಲ್ಲಿ ಕೂತು ಓದುತ್ತಿದ್ದಳು. ವಾರ್ಡನ್ ನೆಪ ಮಾಡಿಕೊಂಡು ಅತ್ತ ಹೋಗುತ್ತಿದ್ದರು.

"ಹೋಗ್ಬಾರಮ್ಮ, ಸ್ವಲ್ಪ ಗಾಳಿ ಕುಡ್ಕೊಂಡು ಬಾ. ಎಷ್ಟೊತ್ತಿಗೆ ಬಂದ್ರೂ ನಾನು ಕೇಳಲ್ಲ."

"ಎಲ್ಲಿಗೆ ಹೋಗ್ಲಿ ಮೇಡಂ?"

ಬೈಯಲಿ ಎಂದು ಅವರು ಕಾದರು. ಹೆಣ್ಣುಮಗಳು ಒಂದು ದಿನ ಎದುರು ನಿಂತು, ನೀನು ನನ್ನ ಅಕ್ಕನ್ನ ಕಳೆದೆ ಎಂದು ಕೂಗಾಡಲಿ, ಒಂದು ಲೋಟ ಎತ್ತಿ ಎಸೆಯಲಿ ಎಂದು ಕಾದರು. ಅವಳು ಸಿಟ್ಟನ್ನೂ ಅನುಮತಿ ಸಿಗದ ಸಾಮಾನುಗಳಲ್ಲಿ ಸೇರಿಸಿಟ್ಟಿದ್ದಳೋ ಏನೋ, ಒಂದು ದಿನವೂ ಹೊರಗೆ ತೆಗೆಯಲಿಲ್ಲ.

ಓದು ಮುಗಿದು ಹಾಸ್ಟೆಲ್ ಬಿಡುವ ಬೆಳಿಗ್ಗೆ ಅವಳು ಪೆಟ್ಟಿಗೆ ಹಿಡಿದು ಆಫೀಸಿಗೆ ಬಂದಳು. ವಾರ್ಡನ್ ಎದ್ದು ನಿಂತರು. ಕುರ್ಚಿ ಎಳೆದುಕೊಟ್ಟರು. ಅವಳು ಕೂರಲಿಲ್ಲ.

"ಯಾವ ಊರಿಗಮ್ಮ?"

"ಬಂದರಿನ ಆಸ್ಪತ್ರೆಗೆ. ಅಲ್ಲಿ ಹಡಗಿಂದ ಇಳಿಯೋ ಹೆಂಗಸರು ಕಾಯಿಲೆ ಬಿದ್ರೆ ಅಲ್ಲಿಗೇ ತರ್ತಾರಂತೆ. ಯಾರಿಗಾದ್ರೂ ಗೊತ್ತಿರಬಹುದು."

ವಾರ್ಡನ್ ಮೇಜಿನ ಅಂಚು ಹಿಡಿದುಕೊಂಡರು. ಎಷ್ಟೋ ತಿಂಗಳಿಂದ ಬಾಯಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತನ್ನು ಹೇಗೋ ಹೊರಗೆ ಹಾಕಿದರು. "ನನ್ನಿಂದ ತಪ್ಪಾಯ್ತು. ಅವತ್ತು ಸುಮ್ಮನೆ ಗೇಟು ತೆಗೆಸ್ಬೇಕಿತ್ತು ನಾನು. ನಿಂಗೆ ನನ್ನ ಮೇಲೆ ಸಿಟ್ಟಿರುತ್ತೆ, ಇರ್ಬೇಕಾದ್ದೇ."

"ನಿಮ್ಮ ಮೇಲೆ ಏನಿಲ್ಲ ಮೇಡಂ" ಎಂದಳು ಹುಡುಗಿ. ಯೋಚಿಸಿ ಯೋಚಿಸಿ ಸವೆದುಹೋದ ಮಾತಿನ ಹಾಗೆ, ಏರಿಳಿತವಿಲ್ಲದೆ ಹೇಳಿದಳು. "ನನ್ನ ಮೇಲೇ ಇದೆ. ನಾನು ನಿಮ್ಮನ್ನ ಕೇಳೋಕೆ ಬರ್ಬಾರದಿತ್ತು. ಹಿತ್ತಲ ಗೋಡೆ ಹಾರಿದ್ರೆ ಆಗ್ತಿತ್ತು. ಆ ಕ್ಷಣಕ್ಕೆ ಅದು ನನ್ನ ತಲೆಗೇ ಬರ್ಲಿಲ್ಲ."

ಬಗ್ಗಿ ಪೆಟ್ಟಿಗೆ ಎತ್ತಿಕೊಂಡಳು. "ಬರ್ತೀನಿ" ಎನ್ನಲಿಲ್ಲ, "ಹೋಗ್ತೀನಿ" ಅಂತಲೂ ಅನ್ನಲಿಲ್ಲ. ಗೇಟಿನ ತಾತನ ಕಡೆ ತಲೆಯಾಡಿಸಿ ರಸ್ತೆಗಿಳಿದಳು.

ಅವಳು ಹೋದ ಮೇಲೆ ವಾರ್ಡನ್ ಹಿತ್ತಲಿಗೆ ಹೋದರು. ನೀರಿನ ತೊಟ್ಟಿಯ ಪಕ್ಕದ ಕಡೆ ಅವರು ಹೆಚ್ಚು ಹೋದವರಲ್ಲ. ಒಗೆಯುವ ಕಲ್ಲು, ಬಕೆಟ್ಟುಗಳು, ತಂತಿ, ಅದೆಲ್ಲ ಹುಡುಗಿಯರ ಲೋಕ. ಗೋಡೆಯ ಹತ್ತಿರ ಹೋಗಿ ನಿಂತರು. ಅದು ಅವರ ಎದೆಮಟ್ಟಕ್ಕೆ ಬರುತ್ತಿತ್ತು. ಮೇಲೆ ಗಾಜಿನ ಚೂರಿಲ್ಲ, ಮುಳ್ಳುತಂತಿ ಇಲ್ಲ. ಆಚೆ ಕಡೆ ಆಸ್ಪತ್ರೆಯ ಹಿಂದಿನ ರಸ್ತೆ, ಅದರ ತುದಿಯಲ್ಲಿ ಮೇಲ್ಸೇತುವೆ ಬರಿಗಣ್ಣಿಗೆ ಕಾಣುತ್ತಿತ್ತು. ಒಗೆಯುವ ಕಲ್ಲಿನ ಮೇಲೆ ಒಂದು ಕಾಲಿಟ್ಟರೆ ಈ ವಯಸ್ಸಿನಲ್ಲಿ ಅವರೇ ಹಾರಬಹುದಿತ್ತು.

ಇಷ್ಟು ವರ್ಷದಲ್ಲಿ ಒಬ್ಬಳೂ ಹಾರಿರಲಿಲ್ಲ. ಎಲ್ಲರೂ ಬಂದು ಕೇಳಿದ್ದರು. ಅವರು ಅಂಗೈಯನ್ನು ಗೋಡೆಯ ಮೇಲಿಟ್ಟುಕೊಂಡು, ಯಾರ್ಯಾರು ಏನೇನು ಕೇಳಿದ್ದರು ಎಂದು ಒಬ್ಬೊಬ್ಬರ ಮುಖವನ್ನೇ ನೆನಪಿಗೆ ತಂದುಕೊಳ್ಳುತ್ತ ನಿಂತರು. ಮುಖಗಳು ನೆನಪಿಗೆ ಬಂದವು. ಯಾಕೆ ಹೊರಟಿದ್ದರು ಎಂಬುದು ಒಬ್ಬರದ್ದೂ ಬರಲಿಲ್ಲ.